ಪೊರಕೆ ಕೋಲಿನ ಹ್ಯಾಂಡಲ್

ಇಟಲಿಯ ಪೆರುಜಾ ಪಟ್ಟಣ. 1924ರ ಮೇ ತಿಂಗಳು. ಲಾಕ್ವಿಲಾದಿಂದ ಹೊರಟ ಸೈಕಲ್ ಸವಾರರು ಬೆಟ್ಟ ಹತ್ತಿಳಿದು, ಮಳೆ ಗಾಳಿಗೆ ಮೈಯೊಡ್ಡಿ, 296 ಕಿಲೋಮೀಟರ್ ತುಳಿದು ಒಬ್ಬೊಬ್ಬರಾಗಿ ಊರು ಸೇರುತ್ತಿದ್ದರು. ಗೆದ್ದವನು ಬಂದು ಎಷ್ಟೋ ಹೊತ್ತಾಗಿತ್ತು. ತೀರ್ಪುಗಾರರ ಗಡುವೂ ಮುಗಿದಿತ್ತು. ಆಮೇಲೆ ಬಂತು 72ನೇ ನಂಬರಿನ ಸೈಕಲ್. ಸವಾರರ ಮುಖ ಮೈ ಎಲ್ಲ ಕೆಸರು. ದಾರಿಯಲ್ಲಿ ಬಿದ್ದೆದ್ದ ಗುರುತುಗಳು. ಸೈಕಲಿನ ಹ್ಯಾಂಡಲ್ ಮುರಿದಿತ್ತು. ಮುರಿದ ಕಡೆ ಪೊರಕೆಯ ಕೋಲಿನ ತುಂಡೊಂದನ್ನು ಸಿಕ್ಕಿಸಿ ಬಿಗಿಯಲಾಗಿತ್ತು.

ಗಡುವು ಮೀರಿದವರು ಮುಂದಿನ ಓಟಕ್ಕಿಲ್ಲ ಎಂಬುದು ನಿಯಮ. ಅದರಲ್ಲಿ ಚರ್ಚೆಗೆ ಎಡೆಯೇ ಇರಲಿಲ್ಲ. ಆದರೂ ಅಂದು ಚರ್ಚೆ ನಡೆಯಿತು. ಏಕೆಂದರೆ 72ನೇ ನಂಬರಿನ ಸವಾರ ಗಂಡಸಲ್ಲ, 33 ವರ್ಷದ ಹೆಂಗಸು. ಹೆಸರು ಅಲ್ಫೊನ್ಸಿನಾ ಸ್ತ್ರಾದಾ. ಇಟಾಲಿಯನ್ ಭಾಷೆಯಲ್ಲಿ 'ಸ್ತ್ರಾದಾ' ಎಂದರೆ ರಸ್ತೆ. ಬೇಕೆಂದೇ ಇಟ್ಟುಕೊಂಡ ಹೆಸರಲ್ಲ, ಗಂಡನ ಮನೆಯಿಂದ ಬಂದದ್ದು.

'ಜಿರೋ ದಿತಾಲಿಯಾ' ಎಂದರೆ ಇಟಲಿಯ ಸುತ್ತು. ಫ್ರಾನ್ಸಿನ 'ಟೂರ್ ದ ಫ್ರಾನ್ಸ್', ಸ್ಪೇನಿನ 'ವುವೆಲ್ತಾ' ಇವುಗಳ ಸಾಲಿನಲ್ಲಿ ನಿಲ್ಲುವ, ವಾರಗಟ್ಟಲೆ ನಡೆಯುವ ಸೈಕಲ್ ಓಟ. ಪುರುಷರ ಈ ಮೂರು ಮಹಾ ಓಟಗಳಲ್ಲಿ ಯಾವುದರಲ್ಲಾದರೂ ಗಂಡಸರ ಜೊತೆ ನಿಂತು ಓಡಿದ ಹೆಂಗಸು ಇಂದಿಗೂ ಒಬ್ಬಳೇ, ಅಲ್ಫೊನ್ಸಿನಾ. ಆಕೆಗೆ ಬಾಗಿಲು ತೆರೆದದ್ದು ಹೇಗೆ, ಮರುವರ್ಷವೇ ಅದು ಮುಚ್ಚಿಕೊಂಡದ್ದು ಏಕೆ ಎಂದು ಕೇಳುತ್ತ ಹೋದರೆ ಉತ್ತರ ಸಿಗುವುದು ಸೈಕಲ್ ಮೈದಾನದಲ್ಲಿ ಅಲ್ಲ, ಒಂದು ಪತ್ರಿಕೆಯ ಕಚೇರಿಯಲ್ಲಿ.

ಯೂರೋಪಿನ ದೊಡ್ಡ ಸೈಕಲ್ ಓಟಗಳು ಹುಟ್ಟಿದ್ದೇ ಪತ್ರಿಕೆ ಮಾರುವ ಸಲುವಾಗಿ. ಟೂರ್ ದ ಫ್ರಾನ್ಸನ್ನು 1903ರಲ್ಲಿ ಆರಂಭಿಸಿದ್ದು 'ಲೊಟೊ' ಎಂಬ ಕ್ರೀಡಾ ಪತ್ರಿಕೆ. ಅದನ್ನು ನೋಡಿ ಮಿಲಾನಿನ 'ಗಜೆಟ್ಟಾ ದೆಲ್ಲೊ ಸ್ಪೋರ್ಟ್' 1909ರಲ್ಲಿ ಜಿರೋ ಹೂಡಿತು. ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚಾಗುವ ಈ ಪತ್ರಿಕೆ ಈಗಲೂ ಇದೆ. ಲೆಕ್ಕ ಸರಳ. ಕುಸ್ತಿಯನ್ನೋ ಫುಟ್‌ಬಾಲನ್ನೋ ಜನ ಕುಳಿತು ನೋಡಬಹುದು. ಮುನ್ನೂರು ಕಿಲೋಮೀಟರ್ ಓಟವನ್ನು ಪೂರ್ತಿ ನೋಡಿದವರು ಯಾರೂ ಇರುವುದಿಲ್ಲ. ರಸ್ತೆಬದಿಯಲ್ಲಿ ನಿಂತವರಿಗೆ ಕಾಣುವುದು ಅರೆಕ್ಷಣದ ದೂಳು. ಯಾರು ಬಿದ್ದರು, ಯಾರು ಬೆಟ್ಟದಲ್ಲಿ ಹಿಂದೆ ಉಳಿದರು, ಯಾರ ಚೈನು ಕಡಿಯಿತು ಎಂಬುದೆಲ್ಲ ತಿಳಿಯಬೇಕಾದರೆ ಮರುದಿನ ಪತ್ರಿಕೆ ಕೊಳ್ಳಲೇಬೇಕು. ಓಟ ನಡೆಸುವವನೂ ಅದರ ಕಥೆ ಹೇಳುವವನೂ ಒಬ್ಬನೇ.

ಇಂಥ ವ್ಯವಸ್ಥೆಯಲ್ಲಿ ಕಥೆಗೆ ನಾಯಕರು ಬೇಕು. 1924ರಲ್ಲಿ ನಾಯಕರೇ ಕೈಕೊಟ್ಟರು. ಹಣದ ವಿಚಾರದಲ್ಲಿ ಸಂಘಟಕರಿಗೂ ದೊಡ್ಡ ತಂಡಗಳಿಗೂ ಒಪ್ಪಂದ ಕುದುರಲಿಲ್ಲ. ಆ ಕಾಲದ ಇಟಲಿಯ ಕಣ್ಮಣಿ ಕೊಸ್ತಾಂತೆ ಜಿರಾರ್ದೆಂಗೊ ಬರಲಿಲ್ಲ. ಜೊವಾನ್ನಿ ಬ್ರುನೆರೊ ಬರಲಿಲ್ಲ. ಅದೇ ಬೇಸಿಗೆಯಲ್ಲಿ ಟೂರ್ ದ ಫ್ರಾನ್ಸ್ ಗೆಲ್ಲಲಿದ್ದ ಒತ್ತಾವಿಯೊ ಬೊತ್ತೆಕ್ಯಾ ಕೂಡ ಬರಲಿಲ್ಲ. ಪತ್ರಿಕೆಯ ಮುಖ್ಯಸ್ಥ ಎಮಿಲಿಯೊ ಕೊಲೊಂಬೊ ಮತ್ತು ಓಟದ ವ್ಯವಸ್ಥಾಪಕ ಅರ್ಮಾಂದೊ ಕುನ್ಯೆ ಹೊಸ ದಾರಿ ಹುಡುಕಿದರು. ತಂಡ ಬೇಡ, ಯಾರು ಬೇಕಾದರೂ ಒಂಟಿಯಾಗಿ ಬಂದು ಹೆಸರು ಕೊಡಬಹುದು, ಊಟ ವಸತಿ ನಮ್ಮದು ಎಂದು ಸಾರಿದರು. ಸವಾರರಿಗಾಗಿ ತರಿಸಿದ ದಿನಸಿಯ ಪಟ್ಟಿ ಇತಿಹಾಸದಲ್ಲಿ ಉಳಿದುಬಿಟ್ಟಿದೆ: 600 ಕೋಳಿ, 750 ಕಿಲೋ ಮಾಂಸ, 4,800 ಬಾಳೆಹಣ್ಣು. ಮದುವೆ ಮನೆಯ ಉಗ್ರಾಣದಂತಿದೆ.

ಊಟ ಹಾಕಿದರೆ ಸವಾರರು ಬಂದಾರು, ಪತ್ರಿಕೆ ಕೊಳ್ಳುವವರು ಬರಬೇಕಲ್ಲ? ಆ ಹೊತ್ತಿಗೆ ಸರಿಯಾಗಿ ಹೆಸರು ಕೊಡಲು ಮುಂದೆ ಬಂದವಳು ಅಲ್ಫೊನ್ಸಿನಾ.

ಆಕೆ ಹುಟ್ಟಿದ್ದು 1891ರ ಮಾರ್ಚ್ 16ರಂದು, ಮೊದೆನಾ ಪಟ್ಟಣದ ಸಮೀಪ ಕಾಸ್ತೆಲ್‌ಫ್ರಾಂಕೊ ಎಮಿಲಿಯಾ ಸೀಮೆಯಲ್ಲಿ. ತೌರಿನ ಹೆಸರು ಮೊರೀನಿ. ತಂದೆ ತಾಯಿ ಕೂಲಿನಾಲಿ ಮಾಡುವವರು, ಮನೆ ತುಂಬ ಮಕ್ಕಳು. ಆಕೆಗೆ ಹತ್ತು ವರ್ಷವಿದ್ದಾಗ ತಂದೆ ಎಲ್ಲಿಂದಲೋ ಒಂದು ಹಳೆಯ ಸೈಕಲ್ ತಂದ. ಕೆಲಸಕ್ಕೆ ಹೋಗಿಬರಲೆಂದು ತಂದ ಸೈಕಲ್ಲು ಮಗಳ ಕಾಲಿಗೆ ಅಂಟಿಕೊಂಡಿತು. ಭಾನುವಾರ ಚರ್ಚಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಪಕ್ಕದೂರಿನ ಓಟಗಳಿಗೆ ಹೋಗುತ್ತಿದ್ದಳಂತೆ. ಒಂದು ಓಟದಲ್ಲಿ ಗೆದ್ದು ಹಂದಿಯೊಂದನ್ನು ಬಹುಮಾನವಾಗಿ ಮನೆಗೆ ತಂದಳೆಂಬ ಕಥೆಯೂ ಇದೆ. ಹಂದಿ ಕಂಡ ಮೇಲೆ ಮನೆಯವರು ಎಷ್ಟು ಬೈದರೋ! ಊರಿನವರಂತೂ ಆಕೆಗೆ 'ಲಂಗ ತೊಟ್ಟ ದೆವ್ವ' ಎಂದು ಹೆಸರಿಟ್ಟರು.

ಹೆಣ್ಣುಮಕ್ಕಳು ಸೈಕಲ್ ತುಳಿಯುವುದು ಆಗ ಹೊಸತೇನಲ್ಲ, ಓಟವೂ ಹೊಸತಲ್ಲ. 1890ರ ದಶಕದಲ್ಲಿ ಫ್ರಾನ್ಸ್, ಬೆಲ್ಜಿಯಂ, ಅಮೆರಿಕಗಳಲ್ಲಿ ಹೆಂಗಸರು ಹಣಕ್ಕಾಗಿ ಓಡುತ್ತಿದ್ದರು. ಬೆಲ್ಜಿಯಂನ ಎಲೆನ್ ದ್ಯುತ್ರಿಯು ಹಾಗೆ ಓಡಿ ಹೆಸರು ಮಾಡಿ ಮುಂದೆ ವಿಮಾನ ಹಾರಿಸಲು ಕಲಿತಳು. ಸ್ವೀಡನ್ನಿನಿಂದ ಷಿಕಾಗೋಗೆ ವಲಸೆ ಹೋದ ಟಿಲ್ಲಿ ಆಂಡರ್ಸನ್ ಅಮೆರಿಕದಲ್ಲಿ ಸೋಲೇ ಅರಿಯದವಳೆಂಬಂತಿದ್ದಳು. 1902ರಲ್ಲಿ ಅಲ್ಲಿ ಹೆಂಗಸರ ಓಟಕ್ಕೆ ತಡೆ ಬಿತ್ತು, ಟಿಲ್ಲಿಯ ದುಡಿಮೆ ನಿಂತಿತು. ವೈದ್ಯರದ್ದು ಬೇರೆಯೇ ರಾಗ. ಸೈಕಲ್ ತುಳಿದರೆ ಹೆಂಗಸರ ಮುಖ ಬಿಗಿದು ಕಣ್ಣು ಗುಡ್ಡೆ ಹೊರಬರುತ್ತದೆಂದು ಹೆದರಿಸಿ, ಅದಕ್ಕೆ 'ಸೈಕಲ್ ಮುಖ' ಎಂಬ ಕಾಯಿಲೆಯ ಹೆಸರನ್ನೂ ಕೊಟ್ಟಿದ್ದರು. ಅದೇ ಮುಖ ಗಂಡಸರಿಗೇಕೆ ಅಷ್ಟಾಗಿ ಬರಲಿಲ್ಲವೋ!

ಅಲ್ಫೊನ್ಸಿನಾಳಿಗೆ 1905ರಲ್ಲಿ ಮದುವೆಯಾಯಿತು. ವಯಸ್ಸು ಹದಿನಾಲ್ಕು. ಮದುವೆಯಾದರೆ ಹುಡುಗಿಯ ಹುಚ್ಚು ಬಿಟ್ಟೀತೆಂದು ಮನೆಯವರು ಎಣಿಸಿದ್ದರೆ ಅವರ ಎಣಿಕೆ ತಪ್ಪಿತು. ಗಂಡ ಲುಯೀಜಿ ಸ್ತ್ರಾದಾ ಲೋಹದ ಕೆಲಸ ಮಾಡುವವನು. ಹೆಂಡತಿಗೆ ಮದುವೆಯ ಉಡುಗೊರೆಯಾಗಿ ಆತ ಕೊಟ್ಟದ್ದು ರೇಸಿನ ಸೈಕಲ್. ಇಬ್ಬರೂ ಮಿಲಾನ್ ಸೇರಿದರು. ಆತ ಆಕೆಯ ಬೆನ್ನಿಗೆ ನಿಂತ, ತರಬೇತಿಗೆ ನೆರವಾದ. ಆ ಕಾಲದ ಗಂಡಂದಿರಲ್ಲಿ ಇಂಥವನು ಸಿಕ್ಕಿದ್ದು ಆಕೆಯ ಅದೃಷ್ಟ.

ಮುಂದಿನ ವರ್ಷಗಳಲ್ಲಿ ಆಕೆ ಸೈಕಲ್ಲಿಂದಲೇ ಅನ್ನ ಹುಟ್ಟಿಸಿಕೊಂಡಳು. ಟೂರಿನ್ ನಗರದ ಓಟಗಳಲ್ಲಿ ಹೆಸರು ಮಾಡಿದಳು. 1909ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಓಡಿ ಝಾರ್ ದೊರೆ ಎರಡನೇ ನಿಕೊಲಸ್‌ನ ಕೈಯಿಂದ ಪದಕ ಪಡೆದಳೆಂದು ಆಕೆಯ ಜೀವನ ಬರೆದವರು ಹೇಳುತ್ತಾರೆ. 1911ರಲ್ಲಿ ಮೊಂಕಾಲಿಯೆರಿಯಲ್ಲಿ ಒಂದು ಗಂಟೆಯಲ್ಲಿ 37.192 ಕಿಲೋಮೀಟರ್ ತುಳಿದಳೆಂಬುದು ಆಕೆಯ ಹೆಸರಿನಲ್ಲಿರುವ ದಾಖಲೆ. ಹೆಂಗಸರ ದಾಖಲೆಗಳಿಗೆ ಆಗ ಅಧಿಕೃತ ಮುದ್ರೆ ಒತ್ತುವವರು ಇರಲಿಲ್ಲ. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಹೆಂಗಸರ ಒಂದು ಗಂಟೆಯ ದಾಖಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು 1955ರಲ್ಲಿ.

ಇವೆಲ್ಲ ಹೆಚ್ಚಾಗಿ ವೆಲೊಡ್ರೋಮಿನ ಆಟಗಳು. ವೆಲೊಡ್ರೋಮ್ ಎಂದರೆ ಸೈಕಲ್ ಓಟಕ್ಕೆಂದೇ ಕಟ್ಟಿದ, ತಿರುವುಗಳಲ್ಲಿ ಅಂಚು ಮೇಲೆದ್ದ ದುಂಡನೆಯ ಪಥ. ಟಿಕೆಟ್ ಕೊಂಡವರು ಸುತ್ತ ಕುಳಿತು ನೋಡುತ್ತಾರೆ. ಅಲ್ಲಿ ಹೆಂಗಸರ ಓಟವನ್ನು ಜನ ಒಂದು ಮೋಜೆಂದು ಒಪ್ಪಿಕೊಂಡಿದ್ದರು. ರಸ್ತೆ ಹಾಗಲ್ಲ. ರಸ್ತೆಯ ಓಟವೇ ಅಸಲು ಓಟ, ಅದು ಗಂಡಸರದ್ದು ಎಂಬುದು ಮಾತಿಲ್ಲದೆ ಒಪ್ಪಿಕೊಂಡ ವಿಷಯ.

ಆ ಮಾತಿಲ್ಲದ ಒಪ್ಪಿಗೆಯ ಸಂದಿನಲ್ಲೇ ಆಕೆ ನುಸುಳಿದಳು. 1917ರ ನವೆಂಬರ್. ಮೊದಲ ಮಹಾಯುದ್ಧದಲ್ಲಿ ಇಟಲಿ ಕಾಪೊರೆತ್ತೊದಲ್ಲಿ ಸೋತು ಕೆಲವೇ ದಿನಗಳಾಗಿದ್ದವು. ಸವಾರರಲ್ಲಿ ಅನೇಕರು ಯುದ್ಧರಂಗದಲ್ಲಿದ್ದರು. ಆದರೂ ಗಜೆಟ್ಟಾ ಲೊಂಬಾರ್ದಿಯಾ ಸುತ್ತಿನ ಓಟವನ್ನು ನಿಲ್ಲಿಸಲಿಲ್ಲ. ಅಲ್ಫೊನ್ಸಿನಾ ಹೆಸರು ಕೊಡಲು ಹೋದಳು. ಸಂಘಟಕರು ನಿಯಮದ ಪುಸ್ತಕ ತೆರೆದು ನೋಡಿದರೆ ಹೆಂಗಸರು ಓಡಬಾರದೆಂದು ಎಲ್ಲೂ ಬರೆದಿರಲಿಲ್ಲ. ಬರೆಯಬೇಕಾದೀತೆಂದು ಯಾರಿಗೂ ಹೊಳೆದೇ ಇರಲಿಲ್ಲ! ಆ ಓಟವನ್ನು ಗೆದ್ದವನು ಬೆಲ್ಜಿಯಂನ ಫಿಲಿಪ್ ತಿಸ್. ಟೂರ್ ದ ಫ್ರಾನ್ಸನ್ನು ಆ ವೇಳೆಗೆ ಎರಡು ಸಲ ಗೆದ್ದಿದ್ದ ಘಟಾನುಘಟಿ. ಅಲ್ಫೊನ್ಸಿನಾ ಸುಮಾರು ಒಂದೂವರೆ ಗಂಟೆ ತಡವಾಗಿ ಕೊನೆಯ ಗುಂಪಿನಲ್ಲಿ ಬಂದಳು. ಮರುವರ್ಷ ಮತ್ತೆ ಬಂದಳು. ಈ ಬಾರಿ ಗೆದ್ದ ಗಾಯೆತಾನೊ ಬೆಲ್ಲೋನಿಗೂ ಆಕೆಗೂ ಇದ್ದ ಅಂತರ 23 ನಿಮಿಷ. ಸ್ಥಾನ 21. ಎರಡೂ ವರ್ಷ ಅರ್ಧದಲ್ಲೇ ಸೈಕಲ್ ಇಳಿದುಹೋದ ಗಂಡಸರು ಹಲವರಿದ್ದರು.

ಇದನ್ನೆಲ್ಲ ಹೇಳಲು ಕಾರಣವಿದೆ. ಅಲ್ಫೊನ್ಸಿನಾ ಗಂಡಿನ ವೇಷ ಹಾಕಿ, ಎಲ್ಲರ ಕಣ್ಣಿಗೆ ಮಣ್ಣೆರಚಿ 1924ರ ಜಿರೋ ಓಡಿದಳೆಂಬ ಕಥೆ ಪ್ರಚಾರದಲ್ಲಿದೆ. ಕೇಳಲು ಚೆನ್ನಾಗಿದೆ, ನಂಬುವುದು ಕಷ್ಟ. ಎರಡು ಸಲ ತಾವೇ ನಡೆಸಿದ ಓಟದಲ್ಲಿ ಓಡಿದ ಹೆಂಗಸನ್ನು ಗಜೆಟ್ಟಾದವರು ಗುರುತಿಸಲಿಲ್ಲವೆಂದರೆ ಹೇಗೆ? ಕಥೆಗೆ ಆಧಾರವಿಷ್ಟೆ: ಓಟಕ್ಕೆ ಮುನ್ನ ಪ್ರಕಟವಾದ ಪಟ್ಟಿಯಲ್ಲಿ ಆಕೆಯ ಹೆಸರು 'ಅಲ್ಫೊನ್ಸಿನ್ ಸ್ತ್ರಾದಾ' ಎಂದಿತ್ತು. ಇಟಾಲಿಯನ್ ಭಾಷೆಯಲ್ಲಿ ಕೊನೆಯ 'ಆ'ಕಾರ ಹೆಣ್ಣಿನ ಗುರುತು. ಅದು ಬಿಟ್ಟುಹೋದರೆ ಹೆಸರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮತ್ತೊಂದು ಪತ್ರಿಕೆ ಅದನ್ನು ತಿದ್ದಿ 'ಅಲ್ಫೊನ್ಸಿನೊ' ಎಂದು ಅಚ್ಚು ಹಾಕಿ ಪೂರಾ ಗಂಡಸನ್ನೇ ಮಾಡಿಬಿಟ್ಟಿತು. ಅಕ್ಷರ ಜೋಡಿಸುವವನ ಕೈತಪ್ಪೋ, ಕೊನೆಯ ಗಳಿಗೆಯವರೆಗೆ ಗುಟ್ಟು ಕಾಯುವ ಪತ್ರಿಕೆಯ ಜಾಣತನವೋ? ಎರಡನೆಯದೇ ಹೆಚ್ಚು ಸಂಭವನೀಯ. ಓಟ ಆರಂಭವಾದಾಗ ಗಿಡ್ಡ ಕೂದಲಿನ, ಚಡ್ಡಿ ತೊಟ್ಟ ಹೆಂಗಸನ್ನು ಕಂಡು ಊರೆಲ್ಲ ಮಾತಾಡಿಕೊಂಡಿತು. ಪತ್ರಿಕೆಗೆ ಬೇಕಿದ್ದ ನಾಯಕಿ ಸಿಕ್ಕಿದ್ದಳು.

ಆಕೆಗೂ ಓಟ ಬೇಕಿತ್ತು. ಗಂಡ ಲುಯೀಜಿಗೆ ಮನೋರೋಗ ಬಂದು ಆಸ್ಪತ್ರೆ ಸೇರಿದ್ದ. ಅಲ್ಲಿನ ಖರ್ಚು ಆಕೆಯ ತಲೆಯ ಮೇಲಿತ್ತು. ಜಿರೋ ಓಡಿದ್ದನ್ನು ಹೆಣ್ಣಿನ ಹಕ್ಕಿಗಾಗಿ ನಡೆದ ಹೋರಾಟವೆಂದು ಈಗ ಬರೆಯುವವರಿದ್ದಾರೆ. ಇರಬಹುದು. ಆಸ್ಪತ್ರೆಯ ಬಿಲ್ಲು ಕಟ್ಟುವ ಅವಸರವೂ ಅದರಲ್ಲಿತ್ತು ಎಂಬುದನ್ನು ಮರೆಯಬಾರದು.

1924ರ ಜಿರೋ ಹೇಗಿತ್ತೆಂದು ತಿಳಿಯಲು ಅಂದಿನ ಸೈಕಲ್ಲನ್ನು ಸ್ವಲ್ಪ ನೋಡಬೇಕು. ಇಂದಿನ ರೇಸ್ ಸೈಕಲ್ಲಿಗಿಂತ ಸುಮಾರು ಎರಡು ಪಟ್ಟು ತೂಕ, ಉಕ್ಕಿನ ಚೌಕಟ್ಟು. ಕೂತಲ್ಲಿಂದಲೇ ಗೇರ್ ಬದಲಿಸುವ ಸಾಧನ ಇರಲಿಲ್ಲ. ಹಿಂದಿನ ಚಕ್ರದ ಎರಡು ಪಕ್ಕಕ್ಕೂ ಬೇರೆ ಬೇರೆ ಅಳತೆಯ ಹಲ್ಲುಗಾಲಿ. ಏರು ಬಂದಾಗ ಸವಾರ ಇಳಿಯಬೇಕು, ಚಕ್ರ ಕಳಚಬೇಕು, ತಿರುಗಿಸಿ ಹಾಕಬೇಕು, ಚೈನು ಕೂರಿಸಿ ಮತ್ತೆ ಹತ್ತಬೇಕು. ಏರು ಮುಗಿದ ಮೇಲೆ ಇನ್ನೊಮ್ಮೆ ಅದೇ ಕೆಲಸ. ಮಳೆಯಲ್ಲಿ, ಚಳಿಗೆ ಮರಗಟ್ಟಿದ ಬೆರಳುಗಳಲ್ಲಿ. ಪಂಕ್ಚರ್ ಆದರೆ ಭುಜಕ್ಕೆ ಸುತ್ತಿಕೊಂಡ ಟೈರನ್ನು ತಾನೇ ಹಾಕಿಕೊಳ್ಳಬೇಕು. ಟಾರು ಕಂಡ ರಸ್ತೆಗಳು ಕಡಿಮೆ. ಬಿಸಿಲಾದರೆ ದೂಳು, ಮಳೆಯಾದರೆ ಕೆಸರು. ದಿನ ಬಿಟ್ಟು ದಿನ ಓಟ. ಒಂದೊಂದು ಹಂತವೂ ಮುನ್ನೂರು ಕಿಲೋಮೀಟರಿನ ಆಸುಪಾಸು. ಕತ್ತಲಿರುವಾಗಲೇ ಹೊರಟು ಸಂಜೆಗೆ ಸೇರಬೇಕು. ಹಂತಗಳು ಹನ್ನೆರಡು, ಒಟ್ಟು ದೂರ 3,613 ಕಿಲೋಮೀಟರ್.

ಮೇ 10ರಂದು ಮಿಲಾನಿನಿಂದ 90 ಮಂದಿ ಹೊರಟರು. ಮೊದಲ ದಿನ ಜೆನೋವಾಕ್ಕೆ ಅಲ್ಫೊನ್ಸಿನಾ ಸೇರಿದಾಗ ಗೆದ್ದ ಬಾರ್ತೊಲೊಮೆಯೊ ಐಮೊ ಬಂದು ಸುಮಾರು ಒಂದು ಗಂಟೆಯಾಗಿತ್ತು. ಫ್ಲಾರೆನ್ಸ್, ರೋಮ್, ನೇಪಲ್ಸ್, ಮುಂದೆ ದಕ್ಷಿಣದ ತಾರಾಂತೊ. ಪ್ರತಿ ದಿನವೂ ಆಕೆಯ ಹಿಂದೆ ಗಂಡಸರು ಇರುತ್ತಿದ್ದರು, ಪ್ರತಿ ದಿನವೂ ಕೆಲವರು ಓಟ ಬಿಟ್ಟು ರೈಲು ಹತ್ತುತ್ತಿದ್ದರು. ಜನ ಗೆಲ್ಲುವವನನ್ನು ನೋಡಿ ಮನೆಗೆ ಹೋಗುವ ಬದಲು ಆಕೆ ಬರುವವರೆಗೆ ಕಾಯತೊಡಗಿದರು. ಪತ್ರಿಕೆಗೆ ಇನ್ನೇನು ಬೇಕು?

ಎಂಟನೇ ಹಂತದಲ್ಲಿ ಬಂತು ಲಾಕ್ವಿಲಾ–ಪೆರುಜಾ ದಾರಿ. ಅಪೆನ್ನೈನ್ ಬೆಟ್ಟಸಾಲು. ಬಿರುಗಾಳಿ, ಮಳೆ. ಆಕೆ ಜಾರಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಒಂದು ಬೀಳಿನಲ್ಲಿ ಹ್ಯಾಂಡಲ್ ಮುರಿಯಿತು. ಹ್ಯಾಂಡಲ್ ಮುರಿದ ಸೈಕಲ್ಲನ್ನು ಇಳಿಜಾರಿನಲ್ಲಿ ಹಿಡಿತದಲ್ಲಿಡುವುದು ಎಂಥ ಕೆಲಸವೆಂದು ಸೈಕಲ್ ತುಳಿದವರಿಗೆ ಹೇಳಬೇಕಿಲ್ಲ. ಹಾದಿಯಲ್ಲಿ ಸಿಕ್ಕ ಪೊರಕೆಯ ಕೋಲನ್ನು ತುಂಡು ಮಾಡಿ ಸಿಕ್ಕಿಸಿಕೊಂಡು ಆಕೆ ಮುಂದುವರಿದಳು. ಈ ಲೇಖನದ ಆರಂಭದಲ್ಲಿ ಕಂಡದ್ದು ಅದೇ ಸೈಕಲ್.

ಪೆರುಜಾದ ಚರ್ಚೆಯಲ್ಲಿ ಎರಡು ಪಕ್ಷ. ನಿಯಮ ನಿಯಮವೇ, ಹೆಂಗಸೆಂದು ರಿಯಾಯಿತಿ ಕೊಟ್ಟರೆ ಗಡುವು ಮೀರಿ ಮನೆಗೆ ಹೋದ ಗಂಡಸರಿಗೆ ಅನ್ಯಾಯವಾಗುತ್ತದೆ ಎಂದರು ಕೆಲವರು. ಮಾತಿನಲ್ಲಿ ತಪ್ಪಿಲ್ಲ. ಕೊಲೊಂಬೊಗೆ ಬೇರೆ ಚಿಂತೆ. ಆಕೆ ಮನೆಗೆ ಹೋದರೆ ಮುಂದಿನ ನಾಲ್ಕು ಹಂತಗಳಲ್ಲಿ ಜನ ಯಾರಿಗಾಗಿ ಕಾಯಬೇಕು? ಕೊನೆಗೆ ಒಂದು ರಾಜಿ ಸೂತ್ರ ಹೊರಬಂತು. ಆಕೆಯ ಹೆಸರು ಇನ್ನು ಅಧಿಕೃತ ಪಟ್ಟಿಯಲ್ಲಿ ಇರುವುದಿಲ್ಲ. ಬೇಕಿದ್ದರೆ ಎಲ್ಲರೊಡನೆ ಓಡಬಹುದು. ಊಟ, ವಸತಿಯ ಖರ್ಚು ಪತ್ರಿಕೆಯ ಕಡೆಯದು. ಅಂದರೆ ದಾರಿ ಅದೇ, ಬೆಟ್ಟ ಅದೇ, ಬೆವರು ಅದೇ. ಲೆಕ್ಕಕ್ಕೆ ಮಾತ್ರ ಇಲ್ಲ. ಆಕೆ ಒಪ್ಪಿದಳು.

ಒಪ್ಪಿದ ಮೇಲೆ ಸಿಕ್ಕಿದ್ದು ಎಲ್ಲಕ್ಕಿಂತ ಉದ್ದದ ಹಂತ: ಬೊಲೋನ್ಯಾದಿಂದ ಫಿಯುಮೆಗೆ 415 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಒಂದೇ ದಿನದಲ್ಲಿ ಸೈಕಲ್ ತುಳಿದಂತೆ. ಫಿಯುಮೆ ಆಗಷ್ಟೇ, 1924ರ ಜನವರಿಯ ಒಪ್ಪಂದದ ಮೇರೆಗೆ, ಇಟಲಿಗೆ ಸೇರಿತ್ತು. ಈಗ ಅದು ಕ್ರೊಯೇಷಿಯಾದ ರಿಯೆಕಾ. ಓಟವನ್ನು ಅಲ್ಲಿಗೆ ಒಯ್ದದ್ದರಲ್ಲಿ ರಾಜಕೀಯವೂ ಇತ್ತೆಂದು ಬೇರೆ ಹೇಳಬೇಕಿಲ್ಲ. ಅಲ್ಫೊನ್ಸಿನಾ ಅಲ್ಲಿ ಮುಟ್ಟಿದಾಗ ಜನ ಆಕೆಯನ್ನು ಸೈಕಲ್ಲಿನಿಂದ ಎತ್ತಿ ಹೊತ್ತು ಮೆರೆಸಿದರು. ಗಡುವಿನ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಲೆಕ್ಕಕ್ಕೇ ಇಲ್ಲದವಳಿಗೆ ಗಡುವೆಲ್ಲಿಯದು?

ಜೂನ್ 1ರಂದು ಓಟ ಮಿಲಾನಿಗೆ ಮರಳಿತು. ಗೆದ್ದವನು ಜುಸೆಪ್ಪೆ ಎನ್ರೀಚಿ. ಆತನ ಒಟ್ಟು ಕಾಲ 143 ಗಂಟೆ 43 ನಿಮಿಷ. ಗಂಟೆಗೆ ಸರಾಸರಿ 25 ಕಿಲೋಮೀಟರ್. ಅಲ್ಫೊನ್ಸಿನಾ ಆತನಿಗಿಂತ ಸುಮಾರು 28 ಗಂಟೆ ಹಿಂದೆ. ಸರಾಸರಿ ಗಂಟೆಗೆ 21 ಕಿಲೋಮೀಟರ್ ಬೀಳುತ್ತದೆ. ಹೊರಟ 90 ಮಂದಿಯಲ್ಲಿ ಮಿಲಾನ್ ಮುಟ್ಟಿದವರು 30 ಎಂದು ಅಧಿಕೃತ ಪಟ್ಟಿ ಹೇಳುತ್ತದೆ. ರಸ್ತೆಬದಿ ನಿಂತು ಎಣಿಸಿದವರಿಗೆ ಸಿಕ್ಕ ಸಂಖ್ಯೆ 31. ಬಹುಮಾನ, ಅಭಿಮಾನಿಗಳ ಕಾಣಿಕೆ ಎಲ್ಲ ಸೇರಿ ಆಕೆಗೆ 50,000 ಲೀರಾ ಸಿಕ್ಕಿತೆಂದು ಆಕೆಯ ಬಗ್ಗೆ ಬರೆದವರು ಲೆಕ್ಕ ಕೊಡುತ್ತಾರೆ. ಅದರಲ್ಲಿ ಗಂಡನ ಆಸ್ಪತ್ರೆಯ ಖರ್ಚು ನಡೆಯಿತು.

1925ರಲ್ಲಿ ಜಿರಾರ್ದೆಂಗೊ ಮರಳಿ ಬಂದ. ದೊಡ್ಡ ತಂಡಗಳೂ ಬಂದವು. ಅಲ್ಫೊನ್ಸಿನಾ ಮತ್ತೆ ಹೆಸರು ಕೊಟ್ಟಳು. ಬೇಡವೆಂದರು. ಆಕೆಯ ಕಾಲಿನ ಕಸುವು ಒಂದು ವರ್ಷದಲ್ಲಿ ಇಳಿದಿರಲಿಲ್ಲ, ಪತ್ರಿಕೆಯ ಅಗತ್ಯ ಇಳಿದಿತ್ತು. ಅಂದಿನ ಇಟಲಿಯ ಗಾಳಿಯೂ ಆಕೆಗೆ ಅನುಕೂಲವಾಗಿರಲಿಲ್ಲ. ಮುಸೊಲಿನಿ 1922ರಲ್ಲೇ ಅಧಿಕಾರ ಹಿಡಿದಿದ್ದ. ಹೆಣ್ಣು ಮನೆಯಲ್ಲಿದ್ದು ಮಕ್ಕಳನ್ನು ಹೆತ್ತು ಸಾಕಬೇಕೆಂಬುದು ಆತನ ಆಡಳಿತದ ನೀತಿ. ಅಲ್ಫೊನ್ಸಿನಾ ಮುಂದಿನ ಕೆಲವು ಜಿರೋಗಳಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಅಲ್ಲಿಷ್ಟು ಇಲ್ಲಿಷ್ಟು ದಾರಿಯನ್ನು ತಾನೇ ತುಳಿದು ಸಮಾಧಾನ ಪಟ್ಟುಕೊಂಡಳು.

ಹೊಟ್ಟೆಪಾಡು ನಡೆಯಬೇಕಲ್ಲ. ಆಕೆ ಸರ್ಕಸ್ಸು, ನಾಟಕಶಾಲೆಗಳ ವೇದಿಕೆ ಹತ್ತಿದಳು. ಉರುಳೆಗಳ ಮೇಲೆ ಸೈಕಲ್ ಇಟ್ಟು ನಿಂತಲ್ಲೇ ತುಳಿಯುವ ಆಟ. ಚಕ್ರ ತಿರುಗುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ. ಇಟಲಿಯಲ್ಲಿ, ಫ್ರಾನ್ಸಿನಲ್ಲಿ, ಸ್ಪೇನಿನಲ್ಲಿ, ಲಕ್ಸೆಂಬರ್ಗಿನಲ್ಲಿ ಜನ ಟಿಕೆಟ್ ಕೊಂಡು ಅದನ್ನು ನೋಡಿದರು. ವೃತ್ತಿಪರ ಸವಾರಳು ಎಂದರೆ ಸೈಕಲ್ಲಿನಿಂದಲೇ ಬದುಕುವವಳು ಎಂದು ಅರ್ಥ ಮಾಡುವುದಾದರೆ ಅಲ್ಫೊನ್ಸಿನಾ ಪೂರ್ತಿ ವೃತ್ತಿಪರಳು. ಆದರೆ ವೃತ್ತಿಗೆ ಬೇಕಾದ ಓಟ, ತಂಡ, ಸಂಬಳ ಒಂದೂ ಆಕೆಗಾಗಿ ಇರಲಿಲ್ಲ. ಗಂಡಸರಿಗೆ ವೇಗದ ಮೇಲೆ ದುಡ್ಡು ಸಿಗುತ್ತಿತ್ತು. ಆಕೆಗೆ ಸಿಕ್ಕಿದ್ದೆಲ್ಲ 'ಇವಳೂ ತುಳಿಯುತ್ತಾಳಲ್ಲ' ಎಂಬ ಬೆರಗಿನ ಮೇಲೆ. ಬೆರಗು ಬೇಗ ಹಳತಾಗುವ ಸರಕು.

ಲುಯೀಜಿ 1946ರಲ್ಲಿ ತೀರಿಕೊಂಡ. 1950ರಲ್ಲಿ ಆಕೆ ಕಾರ್ಲೊ ಮೆಸ್ಸೋರಿಯನ್ನು ಮದುವೆಯಾದಳು. ಆತನೂ ಹಳೆಯ ಸೈಕಲ್ ಸವಾರ, ಹರೆಯದ ದಿನಗಳಿಂದ ಪರಿಚಿತ. ಇಬ್ಬರೂ ಮಿಲಾನಿನಲ್ಲಿ ಸೈಕಲ್ ಅಂಗಡಿ ನಡೆಸಿದರು. 1957ರಲ್ಲಿ ಆತನೂ ಹೋದ. ಆಕೆ ಅಂಗಡಿ ಬಿಡಲಿಲ್ಲ. ವಯಸ್ಸಾಗಿ ಕಾಲು ಸೋತ ಮೇಲೆ ಸೈಕಲ್ ಬಿಟ್ಟು ಮೋಟೊ ಗುಜ್ಜಿ ಮೋಟಾರ್ ಸೈಕಲ್ ಕೊಂಡಳು. 500 ಸಿಸಿಯ ಭಾರಿ ಗಾಡಿ. ಅದಕ್ಕಾಗಿ ಪದಕಗಳಲ್ಲಿ ಕೆಲವನ್ನು ಮಾರಿದಳಂತೆ. 1959ರ ಸೆಪ್ಟೆಂಬರ್ 13ರಂದು ಆ ಗಾಡಿಯಲ್ಲೇ ವಾರೆಸೆಯ ಕಡೆ ಹೋಗಿ 'ಮೂರು ಕಣಿವೆ'ಗಳ ಸೈಕಲ್ ಓಟ ನೋಡಿಕೊಂಡು ಸಂಜೆ ಮನೆಗೆ ಬಂದಳು. ಮನೆಯ ಬಳಿ ಗಾಡಿ ವಾಲಿತು. ಹಿಡಿದು ನಿಲ್ಲಿಸಲು ಹೋದಾಗ ಹೃದಯ ನಿಂತಿತು. ವಯಸ್ಸು 68. ಕೊಮೊ ಸರೋವರದ ಬಳಿಯ ಬೆಟ್ಟದ ಮೇಲೆ ಗಿಸಾಲ್ಲೊ ಮಾತೆಯ ಗುಡಿಯಿದೆ. ಸೈಕಲ್ ಸವಾರರ ಪಾಲಿಗೆ ಕುಲದೇವತೆ. ಅಲ್ಲಿನ ಗೋಡೆಗೆ ಕೊಪ್ಪಿ, ಬಾರ್ತಾಲಿ ಮುಂತಾದ ಮಹಾರಥಿಗಳ ಸೈಕಲ್ಲುಗಳನ್ನು ತೂಗುಹಾಕಿದ್ದಾರೆ. ಅಲ್ಫೊನ್ಸಿನಾಳ ಸೈಕಲ್ಲೂ ಅವುಗಳ ನಡುವೆ ಇದೆ.

ಆಕೆ ತೀರಿಕೊಳ್ಳುವ ಹಿಂದಿನ ವರ್ಷ, 1958ರಲ್ಲಿ, ಹೆಂಗಸರಿಗೆ ಮೊದಲ ಬಾರಿ ವಿಶ್ವ ಸೈಕಲ್ ಚಾಂಪಿಯನ್‌ಷಿಪ್ ನಡೆದಿತ್ತು. ಒಲಿಂಪಿಕ್ಸಿಗೆ ಹೆಂಗಸರ ಸೈಕಲ್ ಓಟ ಕಾಲಿಟ್ಟದ್ದು 1984ರಲ್ಲಿ. ಅದೇ ವರ್ಷ ಫ್ರಾನ್ಸಿನಲ್ಲಿ ಹೆಂಗಸರ ಟೂರ್ ಆರಂಭವಾಯಿತು. ಗೆದ್ದ ಅಮೆರಿಕದ ಮರಿಯಾನ್ ಮಾರ್ಟಿನ್‌ಗೆ ಸಿಕ್ಕ ಹಣ ಸುಮಾರು 1,000 ಡಾಲರ್. ಆ ಸಲ ಪುರುಷರ ಟೂರ್ ಗೆದ್ದ ಲೊರಾಂ ಫಿನ್ಯೋಂಗೆ ಒಂದು ಲಕ್ಷ ಡಾಲರಿಗೂ ಹೆಚ್ಚು. ಆ ಓಟ ಬಹುಕಾಲ ಬಾಳಲಿಲ್ಲ. ಹೆಸರು ಬದಲಿಸುತ್ತ, ನಿಲ್ಲುತ್ತ, ಮತ್ತೆ ಸರಿಯಾಗಿ ಎದ್ದು ನಿಂತದ್ದು 2022ರಲ್ಲಿ. ಹೆಂಗಸರ ಜಿರೋ 1988ರಲ್ಲಿ ಶುರುವಾಯಿತು; ಮೊದಲ ವಿಜೇತೆ ಇಟಲಿಯ ಮರಿಯಾ ಕನಿನ್ಸ್.

ಓಟಗಳು ಬಂದವು, ಸಂಬಳ ಬರಲು ಇನ್ನೂ ತಡವಾಯಿತು. ಹೆಂಗಸರ ಅಗ್ರ ದರ್ಜೆಯ ತಂಡಗಳು ಸವಾರರಿಗೆ ಇಷ್ಟಾದರೂ ಕೊಡಲೇಬೇಕೆಂದು ಅಂತರರಾಷ್ಟ್ರೀಯ ಒಕ್ಕೂಟ ಕನಿಷ್ಠ ಸಂಬಳ ಗೊತ್ತುಪಡಿಸಿದ್ದು 2020ರಲ್ಲಿ. ಮೊದಲ ವರ್ಷ 15,000 ಯೂರೋ. 2023ಕ್ಕೆ ಅದು 32,102 ಯೂರೋ ಆಗಿ, ಪುರುಷರ ಎರಡನೇ ದರ್ಜೆಯ ತಂಡಗಳ ಕನಿಷ್ಠ ಸಂಬಳಕ್ಕೆ ಸರಿಗಟ್ಟಿತು. ಸೈಕಲ್ ತುಳಿಯುವ ಹೆಂಗಸು ತಿಂಗಳ ಕೊನೆಗೆ ಸಂಬಳ ಎಣಿಸಬಹುದಾದ ಈ ಕಾಲಕ್ಕೆ ಇನ್ನೂ ಹತ್ತು ವರ್ಷವೂ ತುಂಬಿಲ್ಲ.

ಹೆಂಗಸರ ಜಿರೋವನ್ನು ಮೊದಲಿನಿಂದ ಬೇರೆ ಬೇರೆಯವರು ನಡೆಸುತ್ತ ಬಂದಿದ್ದರು. 2024ರಲ್ಲಿ ಅದು ಪುರುಷರ ಜಿರೋ ನಡೆಸುವ ಸಂಸ್ಥೆಯ ಕೈಗೆ ಬಂತು. ಗಜೆಟ್ಟಾ ದೆಲ್ಲೊ ಸ್ಪೋರ್ಟ್ ಪತ್ರಿಕೆಯೂ ಅದೇ ಬಳಗದ್ದು. ಅಲ್ಫೊನ್ಸಿನಾ ಓಡಿ ಸರಿಯಾಗಿ ನೂರು ವರ್ಷ. ಎಂಟು ಹಂತಗಳ ಆ ಓಟ ಬ್ರೆಷಾದಲ್ಲಿ ಹೊರಟು ಜುಲೈ 14ರಂದು ಮುಗಿಯಿತು. ಗೆದ್ದವಳು ಇಟಲಿಯ ಎಲೀಸಾ ಲೊಂಗೊ ಬೊರ್ಗೀನಿ. ಬೆಲ್ಜಿಯಂನ ಲೊಟ್ಟೆ ಕೊಪೆಕಿಗೂ ಆಕೆಗೂ ಕೊನೆಗೆ ಉಳಿದ ಅಂತರ 21 ಸೆಕೆಂಡು. ಓಟ ಮುಗಿದ ಊರು ಲಾಕ್ವಿಲಾ.